ನಾತಾಳದ ಪಿಚ್ಚರು ಬಿಡಿಸಿ ಹೇಳಿದ ಮಾಸ್ತರರು

ಮಾತು ಹೊರಗೆ ಬರುವ ಮೊದಲು ನಮ್ಮ ಇಂಗ್ಲಿಷ್ ಮಾಸ್ತರರ ಗಂಟಲಮಣಿ ಒಮ್ಮೆ ಮೇಲೇರಿ ಕೆಳಗಿಳಿಯುತ್ತಿತ್ತು. ಉದ್ದನ್ನ ಕತ್ತು, ಅದರ ತುಂಬ ಎದ್ದು ಕಾಣುವ ನರ, ನಡುವೆ ಈ ಅಡಿಕೆ ಗಾತ್ರದ ಗಂಟು. ಮೇಲಿನ ಗುಂಡಿಯವರೆಗೂ ಹಾಕಿಕೊಂಡ ಕರಿ ಕೋಟಿನ ಕಾಲರು ಅದನ್ನು ಮುಚ್ಚುತ್ತಿರಲಿಲ್ಲ. ಸಾಲೆಯ ಹುಡುಗರು ಅವರ ಮುಖ ನೋಡುವ ಬದಲು ಅದನ್ನೇ ನೋಡುತ್ತಿದ್ದರು. ಎರಡು ಸಲ ಏರಿಳಿಯಿತೆಂದರೆ ಬೈಗುಳ, ಒಂದೇ ಸಲವಾದರೆ ಪಾಠ. ನಾನು ಎರಡನ್ನೂ ಬೇಕಾದಷ್ಟು ಉಂಡಿದ್ದೇನೆ.

ಇಳಕಲ್ಲಿನಲ್ಲಿ ಆಗ ಹುಡುಗಿಯರನ್ನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ ಓದಿಸಿದರೆ ಅದೇ ದೊಡ್ಡದು. ನಮ್ಮ ಅಪ್ಪ ನೇಕಾರ. ಮನೆಯಲ್ಲಿ ನಾಲ್ಕು ಮಗ್ಗ, ಹಗಲೆಲ್ಲ ಅದೇ ಸದ್ದು. ಮಾಸ್ತರರು ಒಂದು ದಿನ ತಾವಾಗಿ ನಮ್ಮ ಕಟ್ಟೆಗೆ ಬಂದು ಕೂತು, "ಈ ಹುಡುಗಿ ತಲಿ ಮಗ್ಗಕ್ಕ ಹಾಕಬ್ಯಾಡ್ರಿ, ನನಗ ಕೊಡ್ರಿ" ಅಂದರು. ಅಪ್ಪನಿಗೆ ಇಲ್ಲ ಅನ್ನುವ ಧೈರ್ಯ ಬರಲಿಲ್ಲ. ಅಂದಿನಿಂದ ವಾರಕ್ಕೆ ನಾಲ್ಕು ಸಂಜೆ ಅದೇ ಕಟ್ಟೆಯ ಮೇಲೆ ನನಗೆ ಇಂಗ್ಲಿಷ್ ಪಾಠ. ಪಾಠದ ನಡುವೆ ನಾನು ಸುಮ್ಮನೆ ತಲೆ ಅಲ್ಲಾಡಿಸಿದರೆ ಪುಸ್ತಕ ಮುಚ್ಚಿಬಿಡುತ್ತಿದ್ದರು. "ತಲಿ ಎತ್ತೂ ಅಲ್ಲಾಡಸ್ತೈತಿ. ತಿಳೀತೋ ಇಲ್ಲೋ, ಬಾಯಿಬಿಟ್ಟ ಹೇಳು" ಅನ್ನುತ್ತಿದ್ದರು. ತಿಳಿಯದಿದ್ದರೆ ಹತ್ತು ಸಲ ಹೇಳಿಕೊಡುವ ಮನುಷ್ಯ, ತಿಳಿದಂತೆ ನಟಿಸಿದರೆ ಮಾತ್ರ ಉರಿದು ಬೀಳುತ್ತಿದ್ದರು.

ನನಗೆ ಹದಿನೇಳು ಆದಾಗ ಅವ್ವನಿಗೆ ಹೊಟ್ಟೆಯ ಬೇನೆ ಶುರುವಾಗಿ, ದೂರದ ಊರಿನ ಮಿಶನ್ ದವಾಖಾನೆಯಲ್ಲಿ ಎಂಟು ತಿಂಗಳು ಅವಳ ಜೊತೆ ಇದ್ದೆ. ಅಲ್ಲಿಯ ಬಿಳಿ ಸಿಸ್ಟರುಗಳು ತಮ್ಮತಮ್ಮೊಳಗೆ ಗಳಗಳ ಮಾತಾಡುವ ಇಂಗ್ಲಿಷ್ ಮೊದಮೊದಲು ಹಂಚಿನ ಮೇಲೆ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಮಾಸ್ತರರು ಕಾಗದ ಬರೆದು, ದಿನಾ ಒಬ್ಬಳನ್ನಾದರೂ ಹಿಡಿದು ಮಾತಾಡಿಸಲೇಬೇಕು ಎಂದು ಅಪ್ಪಣೆ ಮಾಡಿದರು. ಮಾತಾಡಿಸಿದೆ. ಕಿವಿ ತೆರೆಯಿತು. ಅವ್ವ ಮಾತ್ರ ಉಳಿಯಲಿಲ್ಲ. ನಾನು ಊರಿಗೆ ಮರಳಿ ಮನೆಯ ಒಲೆ ಹಿಡಿದೆ. ಹತ್ತೊಂಬತ್ತಕ್ಕೆ ಹುನಗುಂದದ ಕಡೆಯ ಒಂದು ಮನೆತನಕ್ಕೆ ನನ್ನನ್ನು ಕೊಡುವುದೆಂದು ಮಾತಾಗಿತ್ತು. ಇಷ್ಟು ಹೇಳದಿದ್ದರೆ ಮುಂದಿನ ನನ್ನ ಹೇಡಿತನದ ಅಳತೆ ನಿಮಗೆ ಸಿಗುವುದಿಲ್ಲ.

ಏಕೀಕರಣಕ್ಕೆ ಇನ್ನೂ ಒಂದೆರಡು ವರ್ಷ ಇತ್ತು. ಸುಗ್ಗಿಗೆ ಮೊದಲು ಊರ ಹೊರಗಿನ ಬಯಲಿಗೆ ಟೂರಿಂಗ್ ಟಾಕೀಸಿನ ತಂಬು ಬರುವುದು ವಾಡಿಕೆ. ಆ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಹಿಂದಿ ದೇವರ ಪಿಚ್ಚರಿನ ಪೆಟ್ಟಿಗೆ ಬರಬೇಕಾಗಿತ್ತು. ಪೆಟ್ಟಿಗೆ ಬಂತು, ಒಳಗೆ ನೋಡಿದರೆ ಇಂಗ್ಲಿಷ್ ಪಿಚ್ಚರು! ತಂಬಿನ ಮಾಲೀಕ ತಲೆಯ ಮೇಲೆ ಕೈ ಹೊತ್ತುಕೊಂಡು ಮಾಸ್ತರರ ಮನೆಗೆ ಓಡಿದ. ಪರದೆಯ ಪಕ್ಕ ನಿಂತು ಮಾತುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಜನ ತಂಬು ಹರಿದುಹಾಕುತ್ತಾರೆ ಎಂದು ಗೋಗರೆದ. ಸಾಲೆಗೆ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ಸೂಟಿ. ಮಾಸ್ತರರು ಹೂಂ ಅಂದರು. ಬೇಕಿತ್ತೇ ಅವರಿಗೆ? ಮನೆಯಲ್ಲಿ ಕಾಲುಚಾಚಿ ಕೂತಿದ್ದರೆ ಏನಾಗುತ್ತಿತ್ತು? ಇವತ್ತಿಗೂ ನನಗೆ ಆ ಹೂಂ ಮೇಲೆ ಸಿಟ್ಟಿದೆ.

ಪಿಚ್ಚರಿನ ಹೆಸರು ಮರೆತಿದ್ದೇನೆ, ಕಥೆ ಮರೆತಿಲ್ಲ. ಯಾವುದೋ ದೊಡ್ಡ ಪಟ್ಟಣದಲ್ಲಿ ನಾತಾಳ ಹಬ್ಬಕ್ಕೆ ಮುಂಚಿನ ಒಂದು ವಾರ. ಒಬ್ಬ ಹೀರೋ, ಒಬ್ಬ ಹೀರೋಯಿನ್ ಅಲ್ಲ, ಐದು ಜೋಡಿ. ಒಬ್ಬರದು ಜಗಳ, ಒಬ್ಬರದು ನಾಚಿಕೆ, ಒಬ್ಬ ಹುಡುಗ ಪ್ರೀತಿಯ ಕಾಗದವನ್ನು ತಪ್ಪು ಮನೆಯ ಬಾಗಿಲಿಗೆ ಹಾಕಿ ಬರುತ್ತಾನೆ. ನಮ್ಮ ಜನಕ್ಕೆ ಆ ಬಿಳಿ ಮುಖಗಳೆಲ್ಲ ಒಂದೇ. ಮೊದಲ ಹತ್ತು ನಿಮಿಷದಲ್ಲೇ ಗಂಡಸರ ಕಡೆಯಿಂದ, "ಮಾಸ್ತರ್ರ, ಒಂದ ಪಿಚ್ಚರಿಗೆ ಒಬ್ಬ ಹೀರೋ ಸಾಲವಲ್ಲನೇನ್ರಿ? ಯಾರು ಯಾರ್ನ ಲಗ್ನ ಆಗ್ತಾರ, ತಿಳ್ಯಾಂಗಿಲ್ಲ!" ಎಂದು ಕೂಗು ಬಂತು.

ಆಗ ಮಾಸ್ತರರು ತಮ್ಮ ಭೂಗೋಳದ ಕೋಲಿನಿಂದ ಪರದೆಯ ಮೇಲಿನ ಮುಖಗಳನ್ನು ಮುಟ್ಟಿ ಮುಟ್ಟಿ ಒಬ್ಬೊಬ್ಬರಿಗೂ ನಮ್ಮೂರಿಗೆ ತಿಳಿಯುವ ಹೆಸರು ಕೊಟ್ಟರು. "ಇಂವ ಡಾಕ್ಟರ. ಈಕಿ ದವಾಖಾನಿ ಸಿಸ್ಟರ್, ಸಿಟ್ಟಿನಾಕಿ. ಈ ದಪ್ಪ ಮೀಸಿಯಾಂವ ದಾರದ ಅಂಗಡಿ ಸಾವಕಾರ. ಈಕಿ ಅವನ ತಂಗಿ, ಗಂಡ ತೀರಿಕೊಂಡಾನ. ಇಂವ ಅಂಗಡಿ ಗುಮಾಸ್ತ. ನೆನಪಿಟಗೋರಿ, ಮತ್ತ ಕೇಳಬ್ಯಾಡ್ರಿ." ಅಷ್ಟೇ ಸಾಕಾಯಿತು. ಎಲ್ಲರಿಗೂ ಎಲ್ಲ ತಿಳಿಯತೊಡಗಿತು.

ಹೆಂಗಸರ ಕಡೆಗೆ ಅಡ್ಡ ಕಟ್ಟಿದ ಬಟ್ಟೆಯ ಈಚೆ ನಾನು ಕೂತಿದ್ದೆ. ಅಯ್ಯೋ, ಆ ಗದ್ದಲ! ಪರದೆಯಲ್ಲಿ ಹಿಮ ಬಿದ್ದಾಗ ನಮ್ಮ ಹಿಂದಿದ್ದ ಮುದುಕಿ, "ಎಷ್ಟ ಅರಳಿ ಹಾಳ ಮಾಡಾಕ್ಹತ್ತ್ಯಾರವಾ, ಆರಿಸಿಕೊಳ್ಳಾವ್ರು ಯಾರೂ ಇಲ್ಲೇನ?" ಎಂದು ಹತ್ತಿಗಾಗಿ ಮರುಗಿದಳು. ಮನೆಯೊಳಗೆ ಗಿಡ ತಂದು ನಿಲ್ಲಿಸಿ ದೀಪ ಕಟ್ಟಿದ್ದಕ್ಕೆ, ಎಲೆ ಉದುರಿದರೆ ಕಸ ಹೊಡೆಯುವವರು ಯಾರೆಂದು ಇನ್ನೊಬ್ಬಳ ಚಿಂತೆ. ಡಾಕ್ಟರು ಸಿಸ್ಟರಿಗೆ ಬೈದಾಗ ಮಾಸ್ತರರು, "ಇಂವಗ ಆಕಿ ಮ್ಯಾಲ ಜೀವ ಐತಿ, ಅದಕ್ಕ ಒದರಾಡ್ತಾನ" ಅಂದರು. ನೂಲು ಸುತ್ತುವ ಒಬ್ಬ ಹೆಂಗಸು ಎದ್ದು ನಿಂತು, "ಹಂಗಾರ ನನ್ನ ಗಂಡನ ಜೀವ ಎಲ್ಲಾ ನನ್ನ ಮ್ಯಾಲ ಐತ್ರಿ!" ಎಂದು ಕೂಗಿದಾಗ ಗಂಡಸರ ಕಡೆಯೂ ಬಿದ್ದು ಬಿದ್ದು ನಕ್ಕಿತು. ಮುತ್ತು ಕೊಡುವ ದೃಶ್ಯಕ್ಕೆ ಸಿಳ್ಳೆ ಎದ್ದಾಗ ಮಾಸ್ತರರ ಗಂಟಲು ಎರಡು ಸಲ ಏರಿಳಿಯಿತು. "ಅವರ ಊರಾಗ ಹಿಂಗ ಅದ. ನೋಡಾವ್ರು ನೋಡ್ರಿ, ಬ್ಯಾಡಾದವ್ರು ಕಣ್ಣ ಮುಚಗೋರಿ. ಮುಚ್ಚಿಟ್ಟ ಹೇಳಾಂವ ನಾ ಅಲ್ಲ."

ಕೊನೆಗೆ ನಾತಾಳದ ಊಟ. ದೊಡ್ಡ ಮೇಜು. ಸಾವಕಾರನ ತಂಗಿ ಗುಮಾಸ್ತನಿಗೆ ಮೆಲ್ಲಗೆ, "ನನ್ನ ಗಂಡ ಹೋಗಿ ಆರು ನಾತಾಳ ಆದವು, ಆರು ವರ್ಷದಿಂದ ನನ್ನ ಪಕ್ಕದ ಕುರ್ಚಿ ಖಾಲಿ ಇದೆ" ಅನ್ನುತ್ತಾಳೆ. ಅದು ಅಣ್ಣನ ಕಿವಿಗೆ ಬೀಳುತ್ತದೆ. ಅವನು ಎದ್ದು ಆ ಖಾಲಿ ಕುರ್ಚಿಯನ್ನು ತಾನೇ ಎಳೆದು, ಗುಮಾಸ್ತನ ಭುಜ ಹಿಡಿದು ಕೂರಿಸುತ್ತಾನೆ. ಮಾಸ್ತರರು ಇದನ್ನು ಹೇಳುವಾಗ ತಂಬಿನಲ್ಲಿ ಕೆಮ್ಮು ಕೂಡ ಇರಲಿಲ್ಲ. ನಾನು ಪರದೆಯ ಇಂಗ್ಲಿಷನ್ನೂ ಕೇಳಿದೆ, ಮಾಸ್ತರರ ಕನ್ನಡವನ್ನೂ ಕೇಳಿದೆ. ಒಂದು ಅಕ್ಷರ ಆಚೀಚೆ ಇರಲಿಲ್ಲ. ಹೆಂಗಸರ ಕಡೆ ಯಾರೋ ಬಿಕ್ಕಿದರು, ಆಮೇಲೆ ಚಪ್ಪಾಳೆ.

ಮೂರು ದಿನಕ್ಕೆಂದು ಬಂದ ಪಿಚ್ಚರು ಏಳು ದಿನ ಓಡಿತು. ಊರೆಲ್ಲ ಅದೇ ಮಾತು. ಬಾವಿಕಟ್ಟೆಯಲ್ಲಿ ಡಾಕ್ಟರನ ಪಾರ್ಟಿ ಬೇರೆ, ಕಾಗದದ ಹುಡುಗನ ಪಾರ್ಟಿ ಬೇರೆ. ಆದರೆ ನಮ್ಮೂರಲ್ಲೂ ಒಬ್ಬ ನೂಲಿನ ಸಾವಕಾರ ಇದ್ದ. ಊರ ಅರ್ಧ ಮಗ್ಗಗಳಿಗೆ ರೇಷ್ಮೆ ನೂಲು ಅವನಿಂದಲೇ ಬರಬೇಕು. ಸಾಲೆಯ ಕಮಿಟಿಗೂ ಅವನೇ ಚೇರಮನ್. ಅವನ ಮನೆಯಲ್ಲಿ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡ ತಂಗಿ ಇದ್ದಳು, ಮೂವತ್ತು ದಾಟಿದವಳು. ಅಂಗಡಿಯಲ್ಲಿ ಗುಮಾಸ್ತನೂ ಇದ್ದ. ಆ ಪಾಪದ ಗುಮಾಸ್ತನಿಗೆ ದಮ್ಮು, ಬೊಕ್ಕ ಬಾಯಿ, ಐದು ಮೊಮ್ಮಕ್ಕಳು! ಅದೇನೂ ಪೋಕರಿಗಳಿಗೆ ಲೆಕ್ಕಕ್ಕಿಲ್ಲ. ಪ್ಯಾಟಿಯಲ್ಲಿ ಅವನನ್ನು ಕಂಡಕಂಡಲ್ಲಿ ನಿಲ್ಲಿಸಿ, "ಕಾಕಾ, ನಿಮ್ಮ ನಾತಾಳ ಯಾವಾಗ್ರಿ? ಕುರ್ಚಿ ತರಬೇಕೇನ್ರಿ?" ಎಂದು ಕೇಳತೊಡಗಿದರು. ಮುದುಕ ಅತ್ತುಬಿಟ್ಟ. ಸುದ್ದಿ ಸಾವಕಾರನಿಗೆ ಮುಟ್ಟಿತು. ಅದರ ಮೇಲೆ ಇನ್ನೊಂದು ಸುದ್ದಿ, ತಂಗಿ ಆ ಪಿಚ್ಚರನ್ನು ನೆರೆಮನೆಯವರ ಜೊತೆ ಎರಡು ಸಲ ನೋಡಿ ಬಂದಿದ್ದಾಳೆ.

ಚುಡಾಯಿಸಿದ ಪೋಕರಿಗಳ ಕಿವಿ ಹಿಂಡಬೇಕಿತ್ತು. ಅದು ಬಿಟ್ಟು ಸಾವಕಾರ ಕಮಿಟಿ ಕೂಡಿಸಿದ. ಏಳು ಜನ ದೊಡ್ಡ ಮನುಷ್ಯರು ಸಾಲೆಯ ಹಾಲಿನಲ್ಲಿ ಲೋಡಿಗೊರಗಿ ಕೂತರು. ಆ ಏಳರಲ್ಲಿ ಪಿಚ್ಚರು ನೋಡಿದವನು ಒಬ್ಬನೂ ಇಲ್ಲ. ತಂಬು ಅಷ್ಟರೊಳಗೆ ಕಿತ್ತು ಮುಂದಿನ ಊರಿಗೆ ಹೋಗಿತ್ತು, ಪಿಚ್ಚರಿನ ಪೆಟ್ಟಿಗೆ ಹುಬ್ಬಳ್ಳಿಗೆ ವಾಪಸ್ಸು. ಆರೋಪ ಏನೆಂದರೆ, ಇಂಗ್ಲಿಷ್ ಪಿಚ್ಚರಿನಲ್ಲಿ ಇಲ್ಲದ ಕಥೆಯನ್ನು ಮಾಸ್ತರ ತಾನೇ ಕಟ್ಟಿ, ಚೇರಮನ್ನರ ಮನೆಯ ಮಾನ ಬಯಲಲ್ಲಿ ಹರಾಜು ಹಾಕಿದ. ಸುಳ್ಳು ಹೇಳುವವನಿಗೆ ಸಾಲೆಯಲ್ಲಿ ಜಾಗ ಇಲ್ಲ.

ಅಲ್ಲಿ ನಡೆದದ್ದನ್ನು ಅಪ್ಪ ಬಂದು ಹೇಳಿದ. ಕಿಟಕಿಯ ಹೊರಗೆ ನಿಂತು ಕೇಳಿದವರಲ್ಲಿ ಅವನೂ ಒಬ್ಬ. "ಹೆಸರು ನಾ ಕೊಟ್ಟಿದ್ದು. ಕಥಿ ಅವರದ್ದು" ಎಂದರಂತೆ ಮಾಸ್ತರರು. ಕಮಿಟಿಯಲ್ಲಿದ್ದ ಒಬ್ಬ ವಕೀಲ, "ಪರದೆ ಮ್ಯಾಲ ಆ ಹೆಂಗಸು ಏನ ಹಾಕ್ಕೊಂಡಿದ್ಲು?" ಎಂದು ಕೇಳಿದನಂತೆ. ನೋಡಿದವರನ್ನು ಕರೆಸಿ ಕೇಳಿದರೆ ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು, ಕೊರಳಲ್ಲಿ ಸರ, ತಲೆಯ ಮೇಲೆ ಹೂವಿನ ಟೊಪಗಿ. ವಕೀಲ ತೊಡೆ ತಟ್ಟಿಕೊಂಡ. "ಅಲ್ರಿ, ತಲಿಮ್ಯಾಲ ಹೂವಿಟ್ಟಾಕಿ ವಿಧವಿ ಹೆಂಗಾಗ್ತಾಳ? ಆಕಿ ಮುತ್ತೈದಿ! ಅಲ್ಲೇ ಸಿಕ್ಕಿಬಿತ್ತ ನೋಡ್ರಿ ಸುಳ್ಳು!" ಏಳೂ ತಲೆಗಳು ಹೌದು ಹೌದು ಎಂದು ಅಲ್ಲಾಡಿದವು. ಥೂ! ಓದಿದ ವಕೀಲನಂತೆ! ಜಗತ್ತಿನ ವಿಧವೆಯರೆಲ್ಲ ನಮ್ಮೂರ ಬೋಳು ಹಣೆ ಹೊತ್ತುಕೊಂಡೇ ತಿರುಗಬೇಕು ಎಂದು ತಿಳಿದ ಆ ಮೂಢರ ಕೈಯಲ್ಲಿ ಒಬ್ಬ ಸತ್ಯವಂತನ ಅನ್ನ ಇತ್ತು.

ಮ್ಯಾಟ್ರಿಕ್ ಹುಡುಗರನ್ನು ಕೇಳಿದರು. ಪಿಚ್ಚರಿನ ಇಂಗ್ಲಿಷ್ ನಮಗೆ ಹತ್ತಲಿಲ್ಲ, ಮಾಸ್ತರ ಹೇಳಿದ್ದಷ್ಟೇ ತಿಳಿಯಿತು ಎಂದು ಅವರು ಖರೇ ಹೇಳಿದರು. ಹೆಡ್‌ಮಾಸ್ತರನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ತಂಬಿಗೆ ಹೋಗುವುದು ತನ್ನ ಘನತೆಗೆ ಕಡಿಮೆ ಎಂದು ಹೋಗಿರಲಿಲ್ಲ. ಕೊನೆಗೆ ವಕೀಲ, ಆ ಮಾತು ಕಿವಿಯಾರೆ ಕೇಳಿ ತಿಳಿದವರು ಊರಲ್ಲಿ ಯಾರಾದರೂ ಇದ್ದಾರೆಯೇ ಎಂದ. ಮಾಸ್ತರರು, "ಒಬ್ಬರು ಇರಬಹುದು. ಹೆಸರು ಹೇಳಾಂಗಿಲ್ಲ. ಆ ಮಾತು ತಿಳದಿತ್ತಂದ್ರ ತಾವಾಗಿ ಬರ್ತಾರ. ನಾಳೆ ಮಧ್ಯಾಹ್ನದ ಮಟ ಟೈಮ ಕೊಡ್ರಿ" ಅಂದರು. ಟೈಮು ಕೊಟ್ಟರು.

ಅಪ್ಪ ಇದನ್ನು ಹೇಳಿ ಮುಗಿಸಿ ನನ್ನ ಮುಖ ನೋಡಿದ. ಆ ಒಬ್ಬರು ಯಾರು ಎಂಬುದು ಅವನಿಗೆ ಗೊತ್ತಿತ್ತು. ಪಿಚ್ಚರು ನೋಡಿ ಬಂದ ದಿನದಿಂದ ಒಲೆಯ ಮುಂದೆ ಕೂತು ಅದರ ಮಾತುಗಳನ್ನು ಇಂಗ್ಲಿಷಿನಲ್ಲೇ ತಮ್ಮಂದಿರಿಗೆ ಆಡಿ ತೋರಿಸಿ ಮೆರೆದವಳು ನಾನೇ ಅಲ್ಲವೇ?

"ನಾ ಹೋಗಿ ಹೇಳಿ ಬರ್ತೇನಪ್ಪಾ. ಒಂದ ಮಾತು" ಅಂದೆ.

"ಹೋಗು" ಅಂದ. ಸಿಟ್ಟಿನಿಂದ ಅಲ್ಲ, ಬಹಳ ಸಾವಕಾಶ ಅಂದ. "ಏಳು ಮಂದಿ ಗಂಡಸರ ಮುಂದ ನಿಂತು, ಮುತ್ತು ಕೊಡೋ ಪಿಚ್ಚರಿನ ಮಾತು ಹೇಳು. ಹುನಗುಂದದವರು ನಾಳೆನ ಮಾತ ಮುರೀತಾರ. ಸಾವಕಾರ ನೂಲ ನಿಲ್ಲಸ್ತಾನ. ನಾಕು ಮಗ್ಗ ನಿಲ್ತಾವು. ನಿನ್ನ ತಮ್ಮಂದಿರಿಗೆ ಮಾಸ್ತರ ಅನ್ನ ಹಾಕ್ತಾನೇನು, ಕೇಳಿ ಬಾ."

ಮರುದಿನ ಬೆಳಿಗ್ಗೆ ಅಪ್ಪ ಮಗ್ಗಕ್ಕೆ ಕೂತಾಗ ಹಿತ್ತಲ ಬಾಗಿಲಿಗೆ ಸಾವಕಾರನ ತಂಗಿ ಬಂದಳು. ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ಕೆನ್ನೆ ಬಾತಿತ್ತು. ಅಣ್ಣನ ಮುಂದೆ ಮಾಸ್ತರರ ಪರವಾಗಿ ಮಾತಾಡಿದ್ದಕ್ಕೆ ಸಿಕ್ಕ ಉಡುಗೊರೆ.

"ನಿನಗ ಆ ಇಂಗ್ಲಿಷ್ ತಿಳೀತದಂತಲ್ಲ. ಖರೇ ಹೇಳವಾ. ಆಕಿ ಗಂಡ ಸತ್ತಾಕಿನ ಹೌದಲ್ಲೋ? ಅಣ್ಣ ತಾನೇ ಕುರ್ಚಿ ಎಳದ ಕೊಟ್ಟನಲ್ಲೋ?"

"ಹೌದಕ್ಕಾ. ಮಾಸ್ತರ ಹೇಳಿದ್ದು ಅಕ್ಷರ ಬಿಡದಂಗ ಖರೇ."

ಅವಳು ಗೋಡೆಗೆ ಕೈ ಊರಿ ನಿಂತು, "ಹಂಗಾರ ಹೋಗಿ ಹೇಳ" ಅಂದಳು.

"ಅಪ್ಪ ಬ್ಯಾಡಂತಾನ."

ಅವಳು ನಕ್ಕಳು. ಆ ನಗುವಿನ ಮುಂದೆ ಬೈಗುಳ ವಾಸಿ. "ಎಲ್ಲಾರ ಮನ್ಯಾಗೂ ಒಬ್ಬಾಂವ ಬ್ಯಾಡ ಅನ್ನಾಂವ ಇದ್ದ ಇರ್ತಾನವಾ" ಎಂದು ಸೆರಗು ಹೊದ್ದುಕೊಂಡು ಹೋದಳು. ಹೊಡೆತ ತಿಂದವಳು ಎರಡು ಓಣಿ ದಾಟಿ ಬಂದಿದ್ದಳು. ಹೊಡೆತ ತಿನ್ನದ ನಾನು ಸಾಲೆಯವರೆಗೆ ಹೋಗಲಿಲ್ಲ. ಒಳ್ಳೆಯ ಸೀರೆ ಉಟ್ಟೆ, ಹೊಸ್ತಿಲ ತನಕ ನಡೆದೆ, ಮತ್ತೆ ಬಂದು ಅಕ್ಕಿ ಆರಿಸುತ್ತ ಕೂತೆ. ಮಧ್ಯಾಹ್ನ ಆಯಿತು. ಮಾಸ್ತರರು ಸಾಲೆಯ ಹಾಲಿನಲ್ಲಿ ಬಾಗಿಲ ಕಡೆ ನೋಡುತ್ತ ನಿಂತೇ ಇದ್ದರಂತೆ. ಕೂಡ್ರಿ ಎಂದು ಒಬ್ಬರೂ ಅನ್ನಲಿಲ್ಲ.

ಅವರನ್ನು ತೆಗೆದುಹಾಕಿದರು. ತೆಗೆದದ್ದಕ್ಕಿಂತ ಹೆಚ್ಚಾಗಿ ನನ್ನ ಹೊಟ್ಟೆ ಉರಿಯುವುದು ಆಮೇಲಿನದಕ್ಕೆ. ತಂಬಿನಲ್ಲಿ ಕೂತು ಬಿದ್ದು ಬಿದ್ದು ನಕ್ಕವರು, ಚಪ್ಪಾಳೆ ತಟ್ಟಿದವರು, ಕಣ್ಣೀರು ಸುರಿಸಿದವರು, ಅದೇ ಮಂದಿ ವಾರ ತುಂಬುವುದರೊಳಗೆ ಅವರಿಗೆ "ಸುಳ್ಳ ಮಾಸ್ತರ" ಎಂದು ಹೆಸರಿಟ್ಟರು. ಏಳು ದಿನ ತಮ್ಮ ಗಂಟಲು ಹರಿದುಕೊಂಡು ಊರಿಗೆ ನಗು ಕೊಟ್ಟವರಿಗೆ ಊರು ಕೊಟ್ಟದ್ದು ಇದು. ಹೆಂಡತಿಯನ್ನೂ ಎರಡು ಟ್ರಂಕನ್ನೂ ಮೋಟಾರಿಗೆ ಹತ್ತಿಸಿಕೊಂಡು ಅವರು ಬಾಗಲಕೋಟೆಗೆ ಹೊರಟ ದಿನ ನಾನು ಕಟ್ಟೆಗೂ ಬರಲಿಲ್ಲ. ಅಕ್ಕಿ ಆರಿಸಿದ್ದೇ ಆರಿಸಿದ್ದು.

ನನ್ನ ಲಗ್ನ ಆಯಿತು. ಹುನಗುಂದದ ಮನೆ ಒಳ್ಳೆಯದೇ, ಗಂಡನೂ ಒಳ್ಳೆಯವನೇ. ಒಂದು ಸಲ ಈ ಕಥೆ ಹೇಳಿದಾಗ ಅವರು ಪುಸಕ್ಕನೆ ನಕ್ಕು, "ಅಷ್ಟಕ್ಕ ಲಗ್ನ ಮುರೀತಿದ್ರೇನು ನಮ್ಮವರು? ಹುಚ್ಚಿ" ಅಂದರು. ಆ ಮಾತು ಕೇಳಿ ಎರಡು ದಿನ ನಾನು ಅವರ ಹತ್ತಿರ ಮಾತು ಬಿಟ್ಟೆ. ಅವರ ಮೇಲೇಕೆ ಸಿಟ್ಟು ಎಂದು ಅವರಿಗೆ ಇವತ್ತಿನ ತನಕ ತಿಳಿದಿಲ್ಲ.

ಐದಾರು ವರ್ಷದ ಮೇಲೆ ಬಾಗಲಕೋಟೆಗೆ ಹೋದಾಗ ಕೇಳಿಕೊಂಡು ಮಾಸ್ತರರ ಮನೆ ಹುಡುಕಿದೆ. ಹಳೆ ಪ್ಯಾಟಿಯ ಹಿಂದಿನ ಸಣ್ಣ ಓಣಿ. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಒಂದೇ ಕೋಣೆ, ಗೋಡೆಗೆ ಒರಗಿಸಿದ ಕರಿಹಲಗೆ. ಸಣ್ಣ ಹುಡುಗರಿಗೆ ಮನೆಪಾಠದ ಶಿಕವಣಿ ಹೇಳಿ ದಿನ ನೂಕುತ್ತಿದ್ದರು. ಕತ್ತು ಇನ್ನಷ್ಟು ಸಣ್ಣಗಾಗಿತ್ತು. ನನ್ನನ್ನು ನೋಡಿದ್ದೇ, "ಏ, ಬಾರವಾ! ನೀರ ಕೊಡ್ರಿ, ನನ್ನ ಹುಡುಗಿ ಬಂದಾಳ" ಎಂದು ಒಳಗೆ ಕೂಗಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ. ಊರ ಮಳೆ, ಅಪ್ಪನ ಮಗ್ಗ, ತಮ್ಮಂದಿರ ಓದು, ಎಲ್ಲ ಕೇಳಿದರು. ಆವತ್ತು ಅಪ್ಪನ ಮಾತು ಕೇಳಿ ಕೂತದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತ ನಾನೇ ಬಾಯಿ ತೆರೆದೆ.

"ಮಾಸ್ತರ್ರ, ಆವತ್ತ ನಾನು..."

ಅವರು ಕೈ ಎತ್ತಿ ತಡೆದರು. "ಅದನ್ನ ನೀ ಮನಸಿಗೆ ಹಚಗೋಬ್ಯಾಡ. ನಾ ಆವತ್ತ ಮಧ್ಯಾಹ್ನದ ಮಟ ನಿನ್ನ ಹಾದಿ ನೋಡ್ದೆ, ಖರೆ. ಬರಲಿಲ್ಲ. ಆಮ್ಯಾಲೆ ಮೋಟಾರಿನ್ಯಾಗ ಕುಂತು ವಿಚಾರ ಮಾಡ್ದೆ. ಪಿಚ್ಚರಿನ ಇಂಗ್ಲಿಷ್ ಭಾಳ ಜೋರು. ಮ್ಯಾಟ್ರಿಕ್ ಹುಡುಗರಿಗೇ ಹತ್ತಲಿಲ್ಲ, ನಿನಗ ಹೆಂಗ ತಿಳೀಬೇಕು? ತಿಳದಿತ್ತಂದ್ರ ನೀ ಬರದಂಗ ಇರಾಕಿ ಅಲ್ಲ. ತಪ್ಪು ನಂದ. ನಿನಗ ಇನ್ನಷ್ಟು ಚಲೋ ಕಲಸಬೇಕಾಗಿತ್ತು."

ಇಷ್ಟು ವರ್ಷ ಅವರು ಅನ್ನ ಕಳೆದುಕೊಂಡದ್ದನ್ನು ಹೀಗೆ ಲೆಕ್ಕ ಹಾಕಿಕೊಂಡಿದ್ದರು. ಸಾವಕಾರನನ್ನು ಬೈಯಲಿಲ್ಲ, ವಕೀಲನನ್ನು ಬೈಯಲಿಲ್ಲ, ನನ್ನನ್ನು ಅನುಮಾನಿಸಲಿಲ್ಲ. ತಮ್ಮ ಪಾಠವನ್ನು ಅನುಮಾನಿಸಿದರು! ನನ್ನ ಹೇಡಿತನವನ್ನು ನಂಬುವುದಕ್ಕಿಂತ ಇಪ್ಪತ್ತು ವರ್ಷದ ತಮ್ಮ ಮಾಸ್ತರಿಕೆಯೇ ಸುಳ್ಳು ಎಂದು ನಂಬುವುದು ಅವರಿಗೆ ಹಗುರಾಗಿತ್ತು.

ಆಗಲಾದರೂ ಹೇಳಬೇಕಿತ್ತು. ಒಂದು ಮಾತು. ಒಳಗಿನಿಂದ ಅವರ ಹೆಂಡತಿ ಚಹಾ ತಂದರು, ಓಣಿಯ ಹುಡುಗರು ಪಾಟಿ ಹಿಡಿದು ಬಂದು ಕೂತರು, ನಾನು ಬಟ್ಟಲು ಹಿಡಿದು ತಲೆ ಅಲ್ಲಾಡಿಸಿದೆ. ಬಾಗಿಲ ತನಕ ಬಂದು ಅವರು, "ದಿನಾ ಇಂಗ್ಲಿಷ್ ಪುಸ್ತಕದ ಒಂದ ಪಾನಾ ಓದು, ಇನ್ನೂ ಬರ್ತೈತಿ" ಎಂದು ಬೀಳ್ಕೊಟ್ಟರು. ಮುಂದಿನ ವರ್ಷ ತೀರಿಕೊಂಡರು ಎಂದು ಯಾರದೋ ಬಾಯಿಂದ ಕೇಳಿದೆ. ಮಣ್ಣಿಗೆ ಇಳಕಲ್ಲಿನಿಂದ ಒಬ್ಬರೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಸಾವಕಾರ ಹೋದ, ವಕೀಲ ಹೋದ, ಅಪ್ಪನೂ ಹೋದ. ಅವರನ್ನೆಲ್ಲ ಬೈದು ಬೈದು ನನ್ನ ಬಾಯಿ ಸೋತಿದೆ. ಬೈಯಲು ಇನ್ನು ಒಬ್ಬಳೇ ಉಳಿದಿದ್ದಾಳೆ, ಅವಳು ಈ ಕಾಗದದ ಮುಂದೆ ಕೂತಿದ್ದಾಳೆ. ಮಾಸ್ತರ್ರ, ನನಗ ಎಲ್ಲಾ ತಿಳದಿತ್ತು. ಒಂದೊಂದು ಮಾತೂ ತಿಳದಿತ್ತು. ನೀವು ಭಾಳ ಚಲೋ ಕಲಸಿದ್ರಿ.